ಐದನೇ ಭಾನುವಾರದ ಫೋಟೋ

ಸೂಲಿಬೆಲೆ
9 ಜೂನ್ 2025, ಸೋಮವಾರ

ಚೈತ್ರಂಗೆ ದೊಡ್ಡಪ್ಪ ಬೈಲಪ್ಪ ಬರೆಯೋದು.

ಎಪ್ಪತ್ತಮೂರು ವರ್ಷದವನ ಕೈಲಿ ಕಾಗದ ಬರೆಸ್ತಿದ್ದೀಯಲ್ಲ, ನಿನಗೇನೂ ಅನ್ನಿಸಲ್ವಾ? ನಾನು ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನು. ಆಮೇಲೆ ಬರೆದದ್ದೆಲ್ಲ ಫೋಟೋ ಕವರಿನ ಮೇಲೆ ಹೆಸರು, ಊರು, ಎಷ್ಟು ಕಾಪಿ, ಅಷ್ಟೇ. ಫೋನಲ್ಲಿ ಹೇಳೋಣ ಅಂದ್ರೆ ನನ್ನ ಕಿವಿಗೆ ಎದುರಿಗೆ ಕೂತು ಕೂಗಿದ್ದು ಬಿಟ್ಟು ಬೇರೇನೂ ಕೇಳಲ್ಲ. ಫೋನಲ್ಲಿ ನೀನು ಮಾತಾಡಿದ್ರೆ ಬೋರ್‌ವೆಲ್ ಕೊರೆದ ಹಾಗಿರುತ್ತೆ. ನೀನು ಮೆಸೇಜು ಹಾಕ್ತೀಯ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅದನ್ನ ಜೆರಾಕ್ಸ್ ಅಂಗಡಿ ನರೇಶ ಓದಿ ಹೇಳಬೇಕು. ಅವನು ಓದೋಕೆ ಮುಂಚೆಯೇ ನಗ್ತಾನೆ. ನಮ್ಮ ಮನೆ ವಿಷಯ ಅವನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಟೀ ಅಂಗಡೀಲಿರುತ್ತೆ. ಅದಕ್ಕೇ ಈ ಕರ್ಮ.

ವಿಷಯಕ್ಕೆ ಬರ್ತೀನಿ. ಯುಗಾದಿಗೆ ಬಂದಾಗ ನನ್ನ ನೆಗೆಟಿವ್ ಟ್ರಂಕು ತಗೊಂಡು ಹೋದೆಯಲ್ಲ. ರಸ್ತೆ ಅಗಲ ಮಾಡೋರು ನನ್ನ ಫೋಟೋ ಸ್ಟುಡಿಯೋ ಒಡೆದ ಮೇಲೆ ಅದನ್ನ ಗುಜರಿಗೆ ಹಾಕೋಕೆ ಹೊರಟಿದ್ದೆ. ನೀನು "ನಂಗೆ ಬೇಕು ದೊಡ್ಡಪ್ಪ" ಅಂತ ವಡೋದರಾ ತನಕ ಹೊತ್ತುಕೊಂಡು ಹೋದೆ. ಕಾಲೇಜಲ್ಲಿ ಫೋಟೋ ಪಾಠ ಹೇಳೋಳಿಗೆ ಮಳೆ ನೀರು ಕುಡಿದ ಈ ದರಿದ್ರ ಯಾಕೆ ಅಂದ್ಕೊಂಡೆ. ಸರಿ, ಇಟ್ಕೋ. ಒಂದು ಮಾತ್ರ ನನಗೆ ವಾಪಸ್ಸು ಬೇಕು. ಬಟರ್ ಪೇಪರಿನ ಕವರು, ಮೇಲೆ ಕೆಂಪು ಪೆನ್ಸಿಲಲ್ಲಿ "ಶಾಮಲಾ, ಸಮೇತನಹಳ್ಳಿ, 1995" ಅಂತ ಬರೆದಿದೆ.

ನೆನ್ನೆ ಭಾನುವಾರ ಆ ಶಾಮಲಾ ಅನ್ನೋ ಮಗುವಿನ ತಾಯಿ ಮುನಿವೆಂಕಟಮ್ಮ ಬಂದಿದ್ದಳು. ಮಗ ಬೈರೇಶ ಆಟೋದಿಂದ ಎತ್ತಿ ಇಳಿಸಬೇಕಾಯ್ತು. ಕಾಲು ಎರಡೂ ಬಾತು ಕಂಬ ಆಗಿದೆ. ಮಡಿಲಲ್ಲಿ ಟವೆಲು ಸುತ್ತಿದ ಫೋಟೋ. ನಾನೇ ತೆಗೆದು, ನಾನೇ ಕಟ್ಟು ಹಾಕಿಸಿ ಕೊಟ್ಟದ್ದು. ಬಿಚ್ಚಿ ತೋರಿಸಿದಳು.

"ಅಣ್ಣೋ, ನನ್ ಮಗು ಕಣ್ ಮುಚ್ಕೊಂಡ್ಬಿಟ್ಟವ್ಳೆ ಕಣಣ್ಣ. ಹೋದ್ ವರ್ಸ ಎಡೆ ಇಕ್ದಾಗ ಒಂದ್ ಕಣ್ಣಾದ್ರೂ ಇತ್ತು. ಈಗ ಎಲ್ಡೂ ಇಲ್ಲ."

ಫೋಟೋ ಹಳದಿ ತಿರುಗಿ, ಮುಖ ಬಿಸಿಲಿಗೆ ಹಾಕಿದ ಬಟ್ಟೆ ಹಾಗೆ ಬಿಳಿಚಿಕೊಂಡಿದೆ. ಆತುರದಲ್ಲಿ ನಾನು ಪ್ರಿಂಟು ಸರಿಯಾಗಿ ತೊಳೆದಿರಲಿಲ್ಲ. ಅದನ್ನ ಅವಳಿಗೆ ಹೇಳಲಿಲ್ಲ, ನಿನಗೆ ಹೇಳ್ತಿದ್ದೀನಿ. ಈ ಸಲ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಅಷ್ಟರಲ್ಲಿ ಹೊಸದೊಂದು ಮಾಡಿಕೊಡು ಅಂತಾಳೆ. ಎಲೆ ಮೇಲೆ ಇಡೋಕೆ ಕೊಳವೆ ಥರ ಕರಿದ ಬೋಟಿ ಪಾಕೀಟು ಈಗಲೇ ತಂದಿಟ್ಟಿದ್ದಾಳಂತೆ. ಆ ಮಗು ಐದೂ ಬೆರಳಿಗೆ ಬೋಟಿ ಸಿಕ್ಕಿಸ್ಕೊಂಡು ಒಂದೊಂದೇ ತಿಂತಿತ್ತಂತೆ. ಪ್ರತಿ ವರ್ಷ ಬಂದಾಗಲೂ ಇದನ್ನ ಹೇಳ್ತಾಳೆ.

ನೆಗೆಟಿವ್ ಇದ್ದ ಹಾಗೇ ಕಳಿಸು. ತೊಳೆಯಬೇಡ, ಒರೆಸಬೇಡ, ಬೆಳಕಿಗೆ ಹಿಡಿದು ನೋಡ್ತಾ ಕೂರಬೇಡ. ನೋಡೋಕೆ ಅದರಲ್ಲೇನೂ ಇಲ್ಲ. ಸತ್ತ ಮಗು, ಅಷ್ಟೇ.

ಬೈಲಪ್ಪ

*

ವಡೋದರಾ
22 ಜೂನ್ 2025

ಪ್ರೀತಿಯ ದೊಡ್ಡಪ್ಪ,

ನಿಮ್ಮ ಕೈಬರಹ ನೋಡಿ ಎಷ್ಟು ಖುಷಿಯಾಯ್ತು ಅಂದ್ರೆ ಬೈಗುಳನೆಲ್ಲ ಎರಡು ಸಲ ಓದಿದೆ. ಫೋಟೋ ಕವರಿನ ಮೇಲೆ ಬರೀತಿದ್ದ ಅದೇ ಅಕ್ಷರ, ಈಚಲ ಮುಳ್ಳಿನ ಹಾಗೆ.

ದೊಡ್ಡಪ್ಪ, ನಿಮ್ಮ ಟ್ರಂಕಿನಲ್ಲಿ ಏನಿದೆ ಅಂತ ನಿಮಗೇ ಗೊತ್ತಿಲ್ಲ. ದೀಪದ ಮೇಜಿನ ಮೇಲೆ ಒಂದೊಂದೇ ಇಟ್ಟು ನೋಡ್ತಾ ಇದ್ದೀನಿ. ಬೂಷ್ಟು ಹಿಡಿದಿದೆ ಅಂತೀರಲ್ಲ, ಅದು ಬರೀ ಬೂಷ್ಟಲ್ಲ. ಮದುವೆ ಹೆಣ್ಣಿನ ಸೆರಗಿನ ಮೇಲೆ ಜರೀಗಿಡದ ಎಲೆ ಹರಡಿಕೊಂಡಿದೆ. ಯಾರೋ ಯಜಮಾನರ ಪೇಟದಿಂದ ಬೇರು ಇಳಿದಿದೆ. ಯಾರೂ ಬರೆಯದೆ, ತಾನಾಗಿ. ಅಪ್ಪ ಹೋದಮೇಲೆ ನನಗೆ ಥಳಥಳ ಹೊಳೆಯೋ ಚಿತ್ರ ಯಾವುದೂ ನಿಜ ಅನ್ನಿಸ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಕೈ ಎಷ್ಟು ಚಂದ ಇತ್ತು ಗೊತ್ತಾ, ಒಣಗಿದ ಎಲೆ ಥರ, ನರವೆಲ್ಲ ಕಾಣ್ತಾ. ಎಲ್ಲರೂ "ನೋಡಬೇಡಮ್ಮ" ಅಂದ್ರು. ನಾನು ನೋಡಿದೆ. ಹೋಗ್ತಾ ಇರೋದನ್ನ ಹೋಗ್ತಾ ಇರೋ ಹಾಗೇ ನೋಡೋದು ತಪ್ಪಾ?

ಅಕ್ಟೋಬರಿನಲ್ಲಿ ಇಲ್ಲಿ ನನ್ನ ಪ್ರದರ್ಶನ ಇದೆ. ಪೂರ್ತಿ ನಿಮ್ಮ ನೆಗೆಟಿವ್‌ಗಳದ್ದೇ. ಶಾಮಲಾ ಅನ್ನೋ ಆ ಮಗುವಿನ ಮುಖವೇ ಅದರಲ್ಲೆಲ್ಲ ಮುಖ್ಯ. ಯಾಕೋ ಅದು ಒಂದೇ ಮುಖ ಅನ್ನಿಸಲ್ಲ. ಮೇ ತಿಂಗಳಲ್ಲಿ ತೆಗೆದ ಪ್ರಿಂಟ್ ಒಂದು ಇದರ ಜೊತೆ ಇಟ್ಟಿದ್ದೀನಿ. ನೆಗೆಟಿವ್ ಇನ್ನೂ ಸ್ವಲ್ಪ ದಿನ ನನಗೆ ಬೇಕು, ಬೇಜಾರು ಮಾಡ್ಕೋಬೇಡಿ. ಅಮಾವಾಸ್ಯೆಗೆ ಇನ್ನೂ ಮೂರು ತಿಂಗಳಿದೆಯಲ್ಲ.

ಅಮಾವಾಸ್ಯೆ ಅಂದಾಗ ನೆನಪಾಯ್ತು. ಕಿವಿ ಹೋದಮೇಲೂ ನೀವು ವರ್ಷಕ್ಕೊಂದು ಸಲ, ಅದೇ ದಿನ, ಫೋನ್ ಮಾಡ್ತೀರ. "ಊಟ ಆಯ್ತಾ? ಮೈ ಹುಷಾರಾಗಿದ್ಯಾ?" ಅಂತ ಕೂಗಿ, ನಾನು ಹೇಳೋದು ಕೇಳದೆ ಇಟ್ಟುಬಿಡ್ತೀರ. ಹಬ್ಬದ ದಿನ ಮಗು ಪರವೂರಲ್ಲಿ ಉಪವಾಸ ಇರಬಾರದು ಅಂತ ಅಲ್ವಾ? ಅಪ್ಪ ಹೇಳ್ತಿದ್ರು, ನಿಮಗೆ ಬಾಯಿ ಖಾರ, ಹೊಟ್ಟೆ ಬೆಣ್ಣೆ ಅಂತ.

ಇನ್ನೊಂದು ನಗುವ ಮಾತು. ನಾನು ಇಷ್ಟು ವರ್ಷ ಬೇರೆಯವರ ಫೋಟೋ ತೆಗೀತೀನಿ, ನನ್ನದು ಯಾರಾದ್ರೂ ತೆಗೆದರೆ ಮುಖ ತಿರುಗಿಸಿಬಿಡ್ತೀನಿ. ಒಂದನೇ ಕ್ಲಾಸಿಗೆ ಸೇರಿಸೋಕೆ ನೀವು ನನ್ನ ಫೋಟೋ ತೆಗೆದು, ಮಾರನೇ ದಿನ "ಕಣ್ಣು ಮಿಟುಕಿಸಿಬಿಟ್ಟಿದ್ದೀಯ ಕತ್ತೆ, ಮತ್ತೆ ಕೂತ್ಕೋ" ಅಂತ ಬೈದಿರಿ. ಆವತ್ತಿಂದ ಕ್ಯಾಮೆರಾ ಎದುರು ಕಣ್ಣು ಬಿಟ್ಟು ಕೂರೋಕೆ ನನಗೆ ಬರಲ್ಲ.

ನಿಮ್ಮ
ಚೈತ್ರ

*

ಸೂಲಿಬೆಲೆ
30 ಜೂನ್ 2025

ಚೈತ್ರ,

ಕಾಗದ ಬಂತು. ಫೋಟೋನೂ ಬಂತು. ನೋಡಿ ಹರಿದು ಒಲೆಗೆ ಹಾಕಿದೆ.

ಬೂಷ್ಟು ಚಂದ ಅಂತೀಯ. ಅನ್ನದ ಮೇಲೆ ಬಂದರೆ ಉಣ್ತೀಯಾ? ನನ್ನ ಬಲಗಾಲಿನ ಹೆಬ್ಬೆರಳ ಉಗುರು ಕೊಳೆತು ಕರ್ರಗಾಗಿದೆ. ಬಂದು ಅದರ ಫೋಟೋ ತಗೊಂಡು ಹೋಗಿ ಗೋಡೆಗೆ ಹಾಕು, ನಿಮ್ಮ ಕಾಲೇಜಿನೋರೆಲ್ಲ ಕೈಕಟ್ಟಿಕೊಂಡು ನೋಡ್ಲಿ. ಸತ್ತ ಕೂಸಿನ ಬಾಯ ಮೇಲೆ, ಒಂದು ಕಣ್ಣಿನ ಮೇಲೆ ಜರೀಗಿಡ ಬೆಳೆದಿದೆ, ಅದನ್ನ ತಾಯಿ ಕೈಗೆ ಹೆಂಗೆ ಕೊಡಲಿ ನಾನು?

ನಿನಗೆ ತಿಳಿಯಲ್ಲ, ಅದಕ್ಕೇ ಹೇಳ್ತೀನಿ. ಆಗ ನಮ್ಮ ಕಡೆ ಜನ ಬದುಕಿದ್ದಾಗ ಫೋಟೋ ತೆಗೆಸ್ತಿರಲಿಲ್ಲ. ಉಸಿರು ಹೋದಮೇಲೆ ಸೈಕಲ್ಲಲ್ಲಿ ಓಡಿ ಬರೋರು. ಹೆಣ ಗೋಡೆಗೆ ಒರಗಿಸಿ, ತಲೆ ಬೀಳದ ಹಾಗೆ ಹಿಂದಿನಿಂದ ಪಂಚೆ ಕಟ್ಟಿ ಕೂರಿಸಿರೋರು. ನಾನು ತೆಗೀತಿದ್ದೆ. ಅಷ್ಟು ಯಾರು ಬೇಕಾದರೂ ಮಾಡ್ತಾರೆ. ನನ್ನ ಕೆಲಸ ಆಮೇಲೆ. ಕಣ್ಣು ತೆರೆಸೋದು. ಮುಚ್ಚಿದ ಕಣ್ಣಿನ ಫೋಟೋ ಮುಂದೆ ನಮ್ಮೋರು ಎಡೆ ಇಡಲ್ಲ. ಹಿರೀಕರು ಬಂದು ಉಣ್ಣಬೇಕು ಅಂದ್ರೆ ಎಲೆ ಕಣ್ಣಿಗೆ ಕಾಣಬೇಕಲ್ಲ. ಚೂಪು ಪೆನ್ಸಿಲು, ಅರ್ಧ ಬ್ಲೇಡು, ನಾಲ್ಕು ಕೂದಲಿನ ಬ್ರಷ್ಷು. ನೆಗೆಟಿವ್ ಮೇಲೆ ವಾರ್ನಿಷ್ ಸವರಿ, ಮುಚ್ಚಿದ ರೆಪ್ಪೆ ಪೆನ್ಸಿಲಿನಿಂದ ಅಳಿಸಿ, ಅದರ ಮೇಲೆ ಕಣ್ಣು ಬರೀತಿದ್ದೆ. ಮಗನನ್ನ ಎದುರಿಗೆ ಕೂರಿಸ್ಕೊಂಡು ಅಪ್ಪನ ಕಣ್ಣು, ತಂಗಿ ಮುಖ ನೋಡಿ ಅಕ್ಕನ ಕಣ್ಣು. ಇಲ್ಲಿಂದ ದೇವನಹಳ್ಳಿ ತನಕ ಗೋಡೆ ಮೇಲಿರೋ ಎಷ್ಟೋ ಜನ ನಾನು ಬರೆದ ಕಣ್ಣಲ್ಲೇ ಇವತ್ತೂ ನೋಡ್ತಾ ಅವರೆ. ಕಣ್ಣಿನ ಬೈಲಪ್ಪ ಅಂತ್ಲೇ ಕರೆಯೋರು. ನಿಮ್ಮ ಕಾಲೇಜಲ್ಲಿ ಇದನ್ನ ಕಲಿಸ್ತಾರಾ?

ಅದನ್ನ ಸರಿ ಮಾಡೋಕೆ ನನ್ನ ಕೈಯೇ ಬೇಕು. ಭೂತಗನ್ನಡಿ ಹಿಡಿದಾದರೂ ಮಾಡ್ತೀನಿ. ಬೂಷ್ಟು ಬಿಡಿಸಿ ಮತ್ತೆ ಕಣ್ಣು ತೆರೆಸ್ತೀನಿ. ಅದಕ್ಕೆ ನೆಗೆಟಿವ್ ಬೇಕು. ಬೈರೇಶ ಹೇಳಿದ, ಮುನಿವೆಂಕಟಮ್ಮ ಈಗ ಹಾಸಿಗೆ ಬಿಟ್ಟು ಏಳ್ತಿಲ್ಲವಂತೆ. ದೀಪಾವಳಿ ದಾಟಿದರೆ ದೊಡ್ಡದು ಅಂದರಂತೆ ಡಾಕ್ಟರು. ಇದು ಅವಳು ಇಡೋ ಕಡೇ ಎಡೆ. ನಿನ್ನ ಪ್ರದರ್ಶನ ಮುಂದಿನ ವರ್ಷ ಮಾಡ್ಕೋ.

ಒಂದೇ ಮುಖ ಅನ್ನಿಸಲ್ಲ ಅಂತ ಬರೆದಿದ್ದೀಯ. ಒಂದೇ ಮುಖ ಅದು. ತಲೆಹರಟೆ ಬೇಡ.

ನಾನು ಫೋನ್ ಮಾಡೋದು ಯಾಕೆ ಅಂತ ನೀನು ಕತೆ ಕಟ್ಟಬೇಡ. ಊಟ ಆಯ್ತಾ ಅಂತ ಕೇಳ್ತೀನಿ. ಆಗಿದ್ರೆ ಸರಿ.

ಬೈಲಪ್ಪ

*

ವಡೋದರಾ
20 ಜುಲೈ 2025

ದೊಡ್ಡಪ್ಪ,

ಮೂರು ವಾರದಿಂದ ಈ ಕಾಗದ ಬರೀತಿದ್ದೀನಿ. ನಾಲ್ಕು ಸಲ ಹರಿದೆ. ಸುತ್ತಿ ಬಳಸಿ ಹೇಳೋಕೆ ಬರ್ತಿಲ್ಲ, ಹೇಳಿಬಿಡ್ತೀನಿ. ಆ ನೆಗೆಟಿವ್ ಇಲ್ಲ.

ನಿಮ್ಮ ಮೊದಲನೇ ಕಾಗದ ಬರೋಕೆ ಒಂದು ತಿಂಗಳ ಮುಂಚೆ, ಮೇ ಹನ್ನೊಂದರಂದು, ಅದನ್ನ ಒಂದು ಗಾಜಿನ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಮೇಲೆ ಇಟ್ಟೆ. ಬೂಷ್ಟು ಹೇಗೆ ಬೆಳೆಯುತ್ತೆ, ಮುಖ ಹೇಗೆ ಕರಗುತ್ತೆ ಅಂತ ಪ್ರತಿ ಭಾನುವಾರ ಒಂದು ಫೋಟೋ ತೆಗೆಯೋದು. ಅದೇ ನನ್ನ ಪ್ರದರ್ಶನ. ಒಟ್ಟು ಎಂಟು ಭಾನುವಾರ. ಜೂನ್ ಇಪ್ಪತ್ತೊಂಬತ್ತಕ್ಕೆ ತೆಗೆಯೋಕೆ ಹೋದರೆ ಮುಖ ಹಾಲಿನ ಕೆನೆ ಹಾಗೆ ಜಾರಿ ನಾರಿನ ಮೇಲೆ ಬಿತ್ತು. ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್ಕು. ನಿಮ್ಮ ಎರಡನೇ ಕಾಗದ ಬಂದಾಗ ಅದು ಹೋಗಿ ಆರು ದಿನ ಆಗಿತ್ತು. ಮೊದಲನೇ ಕಾಗದ ಬಂದಾಗಲೇ ಹೊರಗೆ ತೆಗೆದಿದ್ದರೆ ಸ್ವಲ್ಪ ಉಳೀತಿತ್ತೇನೋ. ನಾನು ತೆಗೆಯಲಿಲ್ಲ. ಇನ್ನೆರಡು ವಾರ ಅಂದ್ಕೊಂಡೆ. ಅದು ನನ್ನ ಆಸೆಬುರುಕತನ. ಅದಕ್ಕೆ ಬೇರೆ ಹೆಸರಿಲ್ಲ.

ಕ್ಷಮೆ ಕೇಳೋಕೆ ಬಾಯಿಲ್ಲ. ಆದರೂ ನಾನು ನೋಡಿದ್ದನ್ನ ನಿಮಗೆ ಹೇಳಲೇಬೇಕು. ನಾಲ್ಕು ಭಾನುವಾರ ಆ ಮಗು ಬೂಷ್ಟಿನ ಎಲೆಗಳ ಸಂದಿಯಿಂದ ನನ್ನನ್ನೇ ನೋಡ್ತಿತ್ತು. ಐದನೇ ಭಾನುವಾರ, ಜೂನ್ ಎಂಟಕ್ಕೆ, ಮೇಲಿನ ಒಂದು ಪೊರೆ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ನೋಡೋ ಕಣ್ಣು ಎರಡೂ ಹೋಗಿದ್ವು. ಅವುಗಳ ಕೆಳಗೆ ಮುಚ್ಚಿದ ಎರಡು ರೆಪ್ಪೆ ಇದ್ವು. ತೆಳ್ಳಗೆ, ನೆಮ್ಮದಿಯಾಗಿ. ಮೂಗು ಬೇರೆ. ತುಟಿ ಬೇರೆ. ಗಲ್ಲದ ಕೆಳಗೆ ಯಾರದೋ ಕೈ, ಬಳೆ ಸಮೇತ. ಒಂದು ಮುಖದೊಳಗಿಂದ ಇನ್ನೊಂದು ಮಗು ಹೊರಗೆ ಬಂದು ಮಲಗಿತ್ತು ದೊಡ್ಡಪ್ಪ. ಇಷ್ಟು ವರ್ಷದಲ್ಲಿ ನಾನು ಅಷ್ಟು ಚಂದದ್ದು ನೋಡಿಲ್ಲ. ಕೂತು ಅತ್ತೆ. ಅದನ್ನ ಪ್ರಿಂಟ್ ಮಾಡಿ ಈ ಕಾಗದದ ಜೊತೆ ಇಡೋ ಧೈರ್ಯ ಬರಲಿಲ್ಲ.

ಮೇಲಿದ್ದ ಕಣ್ಣು ನೀವು ಬರೆದದ್ದಲ್ಲ. ಬರೆದ ಕಣ್ಣು ಹೇಗಿರುತ್ತೆ ಅಂತ ನಿಮ್ಮ ಬೇರೆ ನೆಗೆಟಿವ್ ನೋಡಿ ನನಗೆ ಗೊತ್ತಾಗಿದೆ. ಅದು ಬದುಕಿದ್ದ ಮಗುವಿನ ಕಣ್ಣು. ಯಾರದು ದೊಡ್ಡಪ್ಪ?

ಚೈತ್ರ

*

ಸೂಲಿಬೆಲೆ
28 ಜುಲೈ 2025

ಚೈತ್ರಳಿಗೆ,

ಒಂದು ಸಲ ಆ ಕೂಸನ್ನ ಮಣ್ಣಿಗೆ ಹಾಕಿ ಬಂದರು. ಎರಡನೇ ಸಲ ನೀನು ಹಾಕಿದೆ. ಡಬ್ಬಿಯಲ್ಲಿಟ್ಟು ಕೊಳೆಸಿ, ವಾರ ವಾರ ಇಣುಕಿ ನೋಡಿ, ಚಂದ ಅಂದೆ. ಹದ್ದು ಕೂಡ ಇಷ್ಟು ನಿಧಾನಕ್ಕೆ ತಿನ್ನಲ್ಲ.

ಯಾರ ಕಣ್ಣು ಅಂತ ಕೇಳೋಕೆ ನೀನ್ಯಾರು? ಎಂಟು ಫೋಟೋ ಇದೆ ಅಂದೆಯಲ್ಲ. ಎಲ್ಲ ಅಳಿಸಿಹಾಕು. ಐದನೇದು, ಆರನೇದು ಅಂತ ಒಂದೂ ಇರಬಾರದು. ಯಾವ ಗೋಡೆ ಮೇಲೂ ಕಾಣಬಾರದು. ನನ್ನ ಟ್ರಂಕು ವಾಪಸ್ಸು ಕಳಿಸು. ನಾನು ಗುಜರಿಗೇ ಹಾಕ್ತೀನಿ, ಗುಜರಿಯವನಿಗೆ ನಿನಗಿಂತ ಮರ್ಯಾದೆ ಇದೆ.

ಇನ್ನು ಮೇಲೆ ನನಗೆ ಬರೀಬೇಡ. ದೊಡ್ಡಪ್ಪ ಅನ್ನಬೇಡ. ನನ್ನ ತಮ್ಮ ದೇವರಾಜ ಇದನ್ನ ನೋಡೋಕೆ ಮುಂಚೆ ಹೋದ, ಪುಣ್ಯವಂತ.

ಬೈಲಪ್ಪ

*

ವಡೋದರಾ
13 ಆಗಸ್ಟ್ 2025

ನೀವು ಬರೀಬೇಡ ಅಂದಿದ್ದೀರಿ. ಇದೊಂದೇ.

ಪ್ರದರ್ಶನಕ್ಕೆ ಕೊಡಲ್ಲ ಅಂತ ಹೇಳಿಯಾಯ್ತು. ಟ್ರಂಕು ಪಾರ್ಸೆಲ್ ಲಾರಿಗೆ ಹಾಕಿದ್ದೀನಿ. ಎಂಟು ಚಿತ್ರಗಳು ಇನ್ನೂ ಕಂಪ್ಯೂಟರಿನಲ್ಲಿವೆ. ಕಾಲೇಜಿನ ಪರೀಕ್ಷೆ ಕೆಲಸ ಮುಗಿದ ಕೂಡಲೇ ಒಂದು ದಿನ ಕೂತು ನಾನೇ ಅಳಿಸ್ತೀನಿ, ಒಂದೂ ಉಳಿಸಲ್ಲ. ಕೊಟ್ಟ ಮಾತು. ಫೋನ್ ಸ್ವಲ್ಪ ದಿನ ಆಫ್ ಇರುತ್ತೆ. ಯಾರ ಹತ್ತಿರಾನೂ ಮಾತಾಡೋ ಹಾಗಿಲ್ಲ ನಾನು.

ಆ ತಾಯಿಗೆ ನನ್ನ ಹೆಸರು ಹೇಳಿಬಿಡಿ. ಕಳೆದದ್ದು ನಾನು, ನೀವಲ್ಲ.

ಚೈತ್ರ

*

ಸೂಲಿಬೆಲೆ
2 ಸೆಪ್ಟೆಂಬರ್ 2025, ಮಂಗಳವಾರ

ಚೈತ್ರ,

ಬರೀಬೇಡ ಅಂದವನೇ ಬರೀತಿದ್ದೀನಿ. ನರೇಶನ ಕೈಲಿ ಐದು ಸಲ ಫೋನ್ ಮಾಡಿಸಿದೆ. ಆಫ್. ಮೆಸೇಜು ಹಾಕು ಅಂತ ಹೇಳೋಣ ಅಂದ್ರೆ ಇದನ್ನ ಅವನ ಬೆರಳಲ್ಲಿ ಬರೆಸೋ ಹಾಗಿಲ್ಲ. ಸ್ಪೀಡ್ ಪೋಸ್ಟು ಮಾಡ್ತಿದ್ದೀನಿ. ಪೂರ್ತಿ ಓದು, ಮಧ್ಯೆ ಹರೀಬೇಡ.

ನೀನು ಕಣ್ಣು ಮಿಟುಕಿಸಿರಲಿಲ್ಲ.

1995ರ ಜೂನು. ಬೆಳಗ್ಗೆ ದೇವರಾಜ ನಿನ್ನನ್ನ ಕರಕೊಂಡು ಬಂದ, ಸ್ಕೂಲಿಗೆ ಸೇರಿಸೋಕೆ ಫೋಟೋ ಬೇಕು ಅಂತ. ಎರಡು ಜಡೆ, ಹಣೆಗೆ ದೊಡ್ಡ ಬೊಟ್ಟು. ಬರೀ ಮುಖ ತೆಗೆದೆ. ಕಣ್ಣು ಹಿಂಗೆ ಬಿಟ್ಟುಕೊಂಡು ಕೂತಿದ್ದೆ ನೀನು, ಗೂಬೆ ಮರಿ ಹಾಗೆ. ನನ್ನ ಆ ಹಳೇ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದ ಮೇಲೆ ಗುಂಡಿ ತಿರುಗಿಸಿ ರೀಲು ಮುಂದಕ್ಕೆ ಹಾಕಬೇಕು. ತಿರುಗಿಸಬೇಕು ಅನ್ನೋಷ್ಟರಲ್ಲಿ ಸಮೇತನಹಳ್ಳಿಯಿಂದ ಆಳು ಬಂದ. ಮುನಿವೆಂಕಟಮ್ಮನ ಮಗಳು, ಮೂರು ದಿನದ ಜ್ವರ, ಬೇಗ ಬನ್ನಿ ಅಂತ. ಹಾಗೇ ಎದ್ದು ಹೋದೆ.

ಕೂಸು ತಾಯಿ ಮಡಿಲಲ್ಲಿತ್ತು. ತಲೆ ಬೀಳದ ಹಾಗೆ ಗಲ್ಲದ ಕೆಳಗೆ ಕೈ ಕೊಟ್ಟು ಹಿಡಕೊಂಡಿದ್ದಳು. ನೀನು ನೋಡಿದ ಬಳೆ ಕೈ ಅವಳದೇ. ಒಂದೇ ಒಂದು ತೆಗೆದೆ. ಬಂದು ಕತ್ತಲೆ ಕೋಣೇಲಿ ತೊಳೆದು ನೋಡ್ತೀನಿ, ಒಂದೇ ಫಿಲ್ಮಿನ ಮೇಲೆ ಎರಡು ಮುಖ. ನೀನೂ ಅವಳೂ, ಒಬ್ಬರೊಳಗೊಬ್ಬರು. ಅಷ್ಟು ಹೊತ್ತಿಗೆ ಕೂಸು ಮಣ್ಣಾಗಿತ್ತು. ಮತ್ತೆ ತೆಗೆಯೋದು ಎಲ್ಲಿಂದ?

ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಕೈ ತಪ್ಪಿದೆ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ, ನಿನಗೆ ಗೊತ್ತು. ಮೂರು ದಿನ ಕೂತೆ. ನಿನ್ನ ಕಣ್ಣು ಸರಿಯಾಗಿ ಅವಳ ರೆಪ್ಪೆ ಇರೋ ಕಡೆಯೇ ಬಿದ್ದಿತ್ತು. ಅವಳ ರೆಪ್ಪೆ ಪೆನ್ಸಿಲಿನಿಂದ ಮುಚ್ಚಿದೆ. ನಿನ್ನ ಕಣ್ಣು ಬ್ಲೇಡಿನಿಂದ ಕೆರೆದು ಎಬ್ಬಿಸಿದೆ. ಮೂಗು, ತುಟಿ ಹೊಂದಿಸಿದೆ. ಕೊಟ್ಟೆ. ಊರೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಜೀವ ಬಂದಿದೆ ಅಂದರು. ಬರದೇ ಏನು, ಜೀವ ಇದ್ದೋಳದ್ದೇ ಅಲ್ವಾ. ಆಮೇಲೆಯೇ ನನಗೆ ಕಣ್ಣಿನ ಬೈಲಪ್ಪ ಅನ್ನೋ ಹೆಸರು ಬಂದದ್ದು. ಫೋಟೋ ತೆಗೆದ ಮಾರನೇ ದಿನವೇ ನಿನ್ನನ್ನ ಮತ್ತೆ ಕೂರಿಸಿ, ಮಿಟುಕಿಸಿದೆ ಅಂತ ಬೈದಿದ್ದೆ. ಆರು ವರ್ಷದ ಕೂಸಿನ ಮೇಲೆ ಹಾಕಿದೆ.

ಮೂವತ್ತು ವರ್ಷ ಅವಳು ನಿನ್ನ ಕಣ್ಣಿಗೆ ಹಾರ ಹಾಕಿ ಎಡೆ ಇಟ್ಟಿದ್ದಾಳೆ. ಬದುಕಿರೋರಿಗೆ ಎಡೆ ಇಟ್ಟರೆ ಆಯಸ್ಸು ಹೋಗುತ್ತೆ ಅಂತ ನಮ್ಮಲ್ಲಿ ಗೊತ್ತಿಲ್ಲದೋರು ಯಾರು? ಪ್ರತಿ ಮಹಾಲಯ ಅಮಾವಾಸ್ಯೆ ನೀನು ಇದ್ದೀಯ ಅಂತ ತಿಳಿಯೋ ತನಕ ನಾನು ಊಟಕ್ಕೆ ಕೂರ್ತಿರಲಿಲ್ಲ. ಅದಕ್ಕೆ ಫೋನು. ನಿನ್ನ ಮಾತು ತಿಳಿಯದೆ ಇದ್ರೂ ಆ ಬೋರ್‌ವೆಲ್ ಸದ್ದು ಬಂದರೆ ಬದುಕಿದ್ದೀಯ ಅಂತ ಇಡ್ತಿದ್ದೆ. ಹೊಟ್ಟೆ ಬೆಣ್ಣೆ ಅಂತೆ, ದೇವರಾಜಂಗೆ ಏನು ಗೊತ್ತು.

ನೆನ್ನೆ ಸಮೇತನಹಳ್ಳಿಗೆ ಹೋದೆ. ನೀನು ಜೂನಲ್ಲಿ ಕಳಿಸಿದ ಫೋಟೋ ತಗೊಂಡು ಹೋದೆ. ಹರಿದೆ ಅಂದದ್ದು ಸುಳ್ಳು. ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಬೇಡ, ನನಗೆ ಗೊತ್ತಿಲ್ಲ. ನೆಗೆಟಿವ್ ಹಾಳಾಯ್ತು, ಇಷ್ಟೇ ಉಳಿದಿರೋದು ಅಂತ ಹೇಳಿ ಕೈ ತೊಳೆದುಕೊಳ್ಳೋಣ ಅಂತಿದ್ದೆ. ಬೈರೇಶ ದಿಂಬು ಕೊಟ್ಟು ಕೂರಿಸಿದ. ಅವಳು ಕಿಟಕಿ ಬೆಳಕಿಗೆ ಹಿಡಿದಳು.

"ಇದ್ಯಾವ್ ಹೂವಣ್ಣ, ನನ್ ಮಗೀನ್ ಮಕದ್ ಮ್ಯಾಲೆ?"

"ಹೂವಲ್ಲ ಕಣಮ್ಮ. ಬೂಷ್ಟು."

ಬೆರಳಲ್ಲಿ ಆ ಎಲೆಗಳನ್ನ ಮುಟ್ಟಿದಳು.

"ಮಣ್ಣಲ್ಲೂ ಹಿಂಗೇ ಬಂದಿರ್ತದೆ ಅಲ್ವೇನಣ್ಣ? ನಾನು ಬರೀ ಹುಳ ಅನ್ಕೊಂಡು ನಿದ್ದೆಗೆಟ್ಟೆ, ಇಷ್ಟ್ ವರ್ಸ. ಇಷ್ಟ್ ಚೆಂದಾಗಿ ಬರ್ತದೆ ಅಂತ ಯಾರೂ ಹೇಳ್ಳಿಲ್ಲ ನಂಗೆ."

ನೀನು ಬರೆದಾಗ ನನಗೆ ಉರಿದಿತ್ತು. ಅವಳು ಅಂದಾಗ ನಾನೂ ಬಗ್ಗಿ ಆ ಎಲೆಗಳನ್ನ ನೋಡಿದೆ. ಆಮೇಲೆ ಬೈರೇಶನ್ನ ಹಸು ನೋಡ್ಕೊಂಡು ಬಾ ಅಂತ ಹೊರಗೆ ಕಳಿಸಿ ಎಲ್ಲ ಹೇಳಿಬಿಟ್ಟೆ. ರೀಲು, ಎರಡು ಮುಖ, ಪೆನ್ಸಿಲು, ಬ್ಲೇಡು.

"ಅಂಗಾದ್ರೆ ನಾನಿಕ್ಕಿದ್ದು ಉಂಡೋಳು ಯಾರು?"

"ನನ್ನ ತಮ್ಮನ ಮಗಳು. ಬದುಕವ್ಳೆ."

"ಮತ್ತೆ ನನ್ ಮಗು?"

ನಾನು ಆ ಫೋಟೋ ಅವಳ ಕೈಯಿಂದ ತಗೊಂಡು ಹಾಸಿಗೆ ಮೇಲೆ ಮಗುಚಿಟ್ಟೆ.

"ಮೂವತ್ ವರ್ಸ ಉಪಾಸ ಇತ್ತೇನಣ್ಣ ನನ್ ಮಗು? ವರ್ಸ್‌ವರ್ಸಾನೂ ಬಾಗ್ಲಿಗ್ ಬಂದು, ಯಾರ್ದೋ ಎಲೆ ಅಂತ ತಿರುಗ್ಕೊಂಡ್ ಹೋಯ್ತಾ?"

ಬೈದಿದ್ದರೆ ಚೆನ್ನಾಗಿತ್ತು. ಗೋಡೆ ಕಡೆ ತಿರುಗಿಕೊಂಡಳು. ಎದ್ದು ಬರೋಣ ಅಂತ ಚಪ್ಪಲಿ ಮೆಟ್ಟಿದೆ. ಆಗ ಮತ್ತೆ ಈ ಕಡೆ ತಿರುಗಿ, ನನಗೆ ಕೇಳೋ ಹಾಗೆ ಕೂಗಿ ಕೇಳಿದಳು, ನನ್ ಮಗೀನ್ ಮಕ ಎಲ್ಲೂ ಇಲ್ವಾ ಅಂತ. ನೀನು ಬರೆದದ್ದು ನೆನಪಾಯ್ತು. ಹೇಳಿದೆ. ಬೂಷ್ಟು ನಾನು ಬರೆದದ್ದನ್ನೆಲ್ಲ ತಿಂದು ಹಾಕಿ ಒಂದೇ ಒಂದು ಫೋಟೋದಲ್ಲಿ ಅವಳ ಕೂಸನ್ನ ಬಿಟ್ಟಿತ್ತಂತೆ, ಕಣ್ಣು ಮುಚ್ಚಿರೋದು, ಅವಳು ಆಟೋದಲ್ಲಿ ಬಂದು ನಮ್ಮ ಮನೆ ಬಾಗಿಲಲ್ಲಿ ಇಳಿದಳಲ್ಲ, ಅದೇ ಭಾನುವಾರ ತೆಗೆದದ್ದು ಅಂತ.

ಅವಳು ಅಂದದ್ದನ್ನ ಹಾಗೇ ಬರೀತೀನಿ. "ಮುಚ್ಚಿದ್ ಕಣ್ಣೇ ಕೊಡು. ಎಲೆ ಕಾಣ್ದಿದ್ರೆ ಬ್ಯಾಡ. ನಾನೇ ತುತ್ ಮಾಡಿ ಬಾಯಿಗಿಡ್ತೀನಿ. ನನ್ದಾಗಿರ್ಬೇಕು ಅಷ್ಟೇ."

ಬ್ಲೇಡು ಹಾಕಿದ ಜಾಗ ತೆಳುವಾಗಿರುತ್ತೆ. ಬೂಷ್ಟು ಮೊದಲು ಬಾಯಿ ಹಾಕೋದು ಅಲ್ಲಿಗೇ, ಅವಳ ರೆಪ್ಪೆ ಮುಚ್ಚಿದ್ದ ಪೆನ್ಸಿಲು ವಾರ್ನಿಷ್ ಪೊರೆ ಜೊತೆ ಎದ್ದು ಬಂದಿರುತ್ತೆ. ಐವತ್ತು ವರ್ಷ ಈ ಕಸುಬು ಮಾಡಿದೋನಿಗೆ ಅದು ಗೊತ್ತಿರಬೇಕಿತ್ತು. ಅಳಿಸು ಅಂತ ಬರೆದದ್ದು ನಾನೇ. ನೀನು ಕೊಟ್ಟ ಮಾತು ತಪ್ಪೋಳಲ್ಲ. ಅದೇ ನನಗೆ ಭಯ.

ಇದ್ದರೆ, ಐದನೇ ಭಾನುವಾರದ್ದು ಒಂದೇ ಒಂದು ಪ್ರಿಂಟ್ ಮಾಡು. ಹತ್ತು ಇಂಚಿಗೆ ಹನ್ನೆರಡು. ಏನೂ ತಿದ್ದಬೇಡ, ಬೂಷ್ಟು ಇದ್ದರೆ ಇರಲಿ, ಅವಳು ಹೂವು ಅಂದ್ಕೊಳ್ತಾಳೆ. ನೀನೇ ತಂದರೆ ಬಾ. ಆ ಮನೆಗೆ ಮಾತ್ರ ಕಾಲಿಡಬೇಡ, ಬದುಕಿರೋ ನಿನಗೆ ಎಡೆ ಇಟ್ಟ ಮನೆ ಅದು. ನನ್ನ ಮನೇಲಿ ಕೂತು ಊಟ ಮಾಡು, ನನ್ನ ಕಣ್ಣೆದುರಿಗೆ. ಅಳಿಸಿದ್ದರೆ ಅದನ್ನೂ ಬರಿ. ನಾನೇ ಹೋಗಿ ಅವಳಿಗೆ ಹೇಳಬೇಕು. ಈ ಸಲ ಯಾರ ಹೆಸರೂ ಮುಂದೆ ಮಾಡಲ್ಲ.

ಇದೆಯೋ, ಅಳಿಸಿದೆಯೋ? ಸೆಪ್ಟೆಂಬರ್ ಹದಿನೈದರೊಳಗೆ ಉತ್ತರ ನನ್ನ ಕೈಗೆ ಬರಬೇಕು.

ಬೈಲಪ್ಪ